ಅಮ್ಮನ ಜೊತೆ ಡ್ರಾಕುಲಾ, ಎರಡು ಸಲ

ಅಕ್ಟೋಬರ್ ಬಂತೆಂದರೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ನಮ್ಮ ಬೀದಿಯಲ್ಲಿ ಹ್ಯಾಲೋವೀನ್ ಹಬ್ಬಕ್ಕೆ ಮನೆಮನೆ ಮುಂದೆ ಪ್ಲಾಸ್ಟಿಕ್ ಅಸ್ಥಿಪಂಜರ, ಜೇಡರ ಬಲೆ, ಕಿತ್ತಳೆ ಬಣ್ಣದ ಕುಂಬಳಕಾಯಿ. ಮೈಸೂರಿನಿಂದ ಆರು ತಿಂಗಳಿಗೆ ಬಂದಿದ್ದ ಅಮ್ಮನಿಗೆ ಇದೆಲ್ಲ ಹೊಸದು. "ಹಬ್ಬದ ಹೊತ್ತಲ್ಲಿ ಬಾಗಿಲಿಗೆ ತಲೆಬುರುಡೆ ಕಟ್ತಾರಲ್ಲೇ!" ಅಂದಳು. ಆ ವಾರವೇ ನಾನು ಲೈಬ್ರರಿಯಿಂದ ಡ್ರಾಕುಲಾ ಸಿನಿಮಾದ ಡಿವಿಡಿ ತಂದೆ. 1931ರದ್ದು, ರಕ್ತ ಹೀರುವ ಡ್ರಾಕುಲಾ ಆಗಿ ಬೇಲಾ ಲುಗೋಸಿ ನಟಿಸಿದ್ದು. ಇಲ್ಲಿ ಪುಸ್ತಕದ ಹಾಗೇ ಸಿನಿಮಾನೂ ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತದೆ.

ನನಗೆ ಬೇಕಾಗಿದ್ದು ಅದರ ಸಂಗೀತ. ಮೂಲ ಸಿನಿಮಾದಲ್ಲಿ ಸಂಗೀತ ಇಲ್ಲವೆಂದೇ ಹೇಳಬೇಕು. ಹೆಸರುಗಳು ಬರುವಾಗ ಚೈಕೋವ್‌ಸ್ಕಿಯ ಸ್ವಾನ್ ಲೇಕ್ ಬ್ಯಾಲೆಯ ಒಂದು ತುಣುಕು, ಮುಂದೆ ನಾಟಕ ಮಂದಿರದ ದೃಶ್ಯದಲ್ಲಿ ಬೇರೆ ಸಂಗೀತ ಒಂದಿಷ್ಟು. ಮಿಕ್ಕಂತೆ ಮಾತು, ಬಾಗಿಲಿನ ಕಿರ್ ಸದ್ದು, ತೋಳದ ಕೂಗು. ಮಾತಿನ ಸಿನಿಮಾ ಆಗಷ್ಟೇ ಶುರುವಾಗಿತ್ತು. ದೃಶ್ಯದಲ್ಲಿ ವಾದ್ಯವೇ ಕಾಣದಿದ್ದರೆ ಸಂಗೀತ ಎಲ್ಲಿಂದ ಬಂತು ಅಂತ ಜನ ಕೇಳಿಯಾರು ಎಂಬ ಯೋಚನೆ ಆಗ ಇತ್ತು.

ಸುಮಾರು 67 ವರ್ಷ ಆದಮೇಲೆ, 1998ರಲ್ಲಿ, ಅಮೆರಿಕದ ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ ಇದಕ್ಕೆ ಇಡೀ ಸಂಗೀತ ಬರೆದರು. ದೊಡ್ಡ ಆರ್ಕೆಸ್ಟ್ರಾ ಅಲ್ಲ. ಎರಡು ಪಿಟೀಲು, ಅದಕ್ಕಿಂತ ತುಸು ದೊಡ್ಡದಾದ ಒಂದು ವಯೋಲಾ, ಇನ್ನೂ ದೊಡ್ಡದಾದ ಒಂದು ಚೆಲ್ಲೋ, ಅಷ್ಟೇ. ಕಥೆ ಹತ್ತೊಂಬತ್ತನೇ ಶತಮಾನದ ಲೋಕದ್ದು, ಸಿನಿಮಾದ ಅರ್ಧ ನಡೆಯುವುದು ಮನೆಯ ಹಜಾರದಲ್ಲಿ. ಅಂಥ ಹಜಾರಕ್ಕೆ ಒಪ್ಪುವುದು ನಾಲ್ಕು ಜನ ಕೂತು ನುಡಿಸುವ ಸಂಗೀತವೇ. ಭಯದ ಸಿನಿಮಾಗಳ ಮಾಮೂಲಿ ಕಿರುಚಾಟ ಅವರಿಗೆ ಬೇಡವಾಗಿತ್ತು. ನುಡಿಸಿದವರು ಕ್ರೋನೋಸ್ ಕ್ವಾರ್ಟೆಟ್ ಎಂಬ ನಾಲ್ವರ ತಂಡ. ಅವರ ಊರು ನಮಗೆ ಹತ್ತಿರದ ಸ್ಯಾನ್ ಫ್ರಾನ್ಸಿಸ್ಕೋ. 2005ರಲ್ಲಿ ಆಶಾ ಭೋಂಸ್ಲೆ ಜೊತೆ ಆರ್. ಡಿ. ಬರ್ಮನ್ ಹಾಡುಗಳ ಆಲ್ಬಂ ಮಾಡಿದವರೂ ಇವರೇ. ಅದನ್ನು ಹೇಳಿದ ಮೇಲೆ ಅಮ್ಮ ಕನ್ನಡಕ ಹಾಕಿಕೊಂಡು ಸರಿಯಾಗಿ ಕೂತಳು.

ಡಿವಿಡಿಯಲ್ಲಿ ಎರಡೂ ಇದೆ. ರಿಮೋಟ್‌ನಲ್ಲಿ ಆಡಿಯೋ ಬದಲಿಸಿದರೆ ಮೂಲದ ಮೌನ, ಮತ್ತೆ ಬದಲಿಸಿದರೆ ಗ್ಲಾಸ್ ಸಂಗೀತ. ಮೊದಲು ಸಂಗೀತದ ಜೊತೆ ಹಾಕಿದೆ.

ಕುದುರೆ ಗಾಡಿ ಬೆಟ್ಟದ ದಾರಿಯಲ್ಲಿ ಓಡುತ್ತಿದೆ. ಪಿಟೀಲುಗಳಲ್ಲಿ ನಾಲ್ಕಾರು ಸ್ವರಗಳ ಒಂದು ಗುಂಪು ತಿರುಗಿ ತಿರುಗಿ ಬರುತ್ತದೆ. ಸ್ವಲ್ಪ ಸರಿದು ಮತ್ತೆ ಅದೇ. ಚಿಕ್ಕಂದಿನಲ್ಲಿ ಹಾಡುಗಾರಿಕೆ ಕಲಿತಿದ್ದ ಅಮ್ಮನ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕತೊಡಗಿತು. "ಜಂಟಿ ವರಸೆ ಹಾಗಿದೆ ಕಣೇ. ಅಭ್ಯಾಸ ಮಾಡ್ತಾ ಮಾಡ್ತಾ ಯಾರೋ ಅಳ್ತಿದಾರೆ ಅನ್ಸುತ್ತೆ."

ನನಗೆ ಮೈ ಜುಮ್ಮೆಂದಿತು. 1960ರ ದಶಕದ ನಡುವೆ ಪ್ಯಾರಿಸ್‌ನಲ್ಲಿ ಗ್ಲಾಸ್ ಸಿತಾರ್ ವಾದಕ ರವಿಶಂಕರ್ ಅವರ ಕೈಕೆಳಗೆ ಕೆಲಸ ಮಾಡಿದ್ದರು. ಒಂದು ಸಿನಿಮಾಕ್ಕಾಗಿ ಅವರ ಸಂಗೀತವನ್ನು ಫ್ರೆಂಚ್ ವಾದಕರು ಓದಿ ನುಡಿಸುವ ಹಾಗೆ ಬರೆದುಕೊಡುವ ಕೆಲಸ. ತಾಳದ ಲೆಕ್ಕವನ್ನು ತಬಲಾ ವಾದಕ ಅಲ್ಲಾರಖಾ ಅವರಿಂದಲೂ ಕಲಿತರು. ಚಿಕ್ಕ ಚಿಕ್ಕ ತುಂಡು ಕೂಡಿಸುತ್ತಾ ಲಯ ಬೆಳೆಸುವುದು ಅವರಿಗೆ ಅಲ್ಲಿ ಹೊಳೆದದ್ದು. ಇದ್ಯಾವುದನ್ನೂ ನಾನು ಅಮ್ಮನಿಗೆ ಹೇಳಿರಲಿಲ್ಲ.

ಕೋಟೆಯ ದೃಶ್ಯ ಬಂದಾಗ ರಿಮೋಟ್ ಒತ್ತಿ ಸಂಗೀತ ತೆಗೆದೆ. ಪಾಳುಬಿದ್ದ ಹಜಾರ. ಕೈಯಲ್ಲಿ ಮೇಣದಬತ್ತಿ ಹಿಡಿದು ಲುಗೋಸಿ ಮೆಟ್ಟಿಲಿಳಿದು ಬರುತ್ತಾನೆ. ಆಚೆ ತೋಳಗಳು ಕೂಗುತ್ತವೆ. ಅದನ್ನೇ ಸಂಗೀತ ಅನ್ನುತ್ತಾನೆ ಅವನು. ಆಮೇಲೆ ದೊಡ್ಡ ಜೇಡರ ಬಲೆಯನ್ನು ಹರಿಯದೆಯೇ ದಾಟುತ್ತಾನೆ. ಹಿಂದೆ ಬಂದ ರೆನ್‌ಫೀಲ್ಡ್, ಗಾಡಿಯಲ್ಲಿ ಬಂದ ಅತಿಥಿ, ಮಾತ್ರ ಅದನ್ನು ಕೋಲಿನಿಂದ ಸರಿಸಬೇಕು. ಈ ಜಾಗದಲ್ಲಿ ನನ್ನ ವೋಟು ಮೌನಕ್ಕೇ. ಎಷ್ಟೇ ಚೆಂದದ ಪಿಟೀಲಾದರೂ ನಮ್ಮ ಜೊತೆಗೊಬ್ಬರು ಇದ್ದಾರೆ ಅನ್ನಿಸಿಬಿಡುತ್ತದೆ. ಆ ಹಜಾರದಲ್ಲಿ ನಾವು ಒಂಟಿಯಾಗಿರಬೇಕು.

ಆದರೆ ಕಥೆ ಲಂಡನ್‌ಗೆ ಬಂದ ಮೇಲೆ ಮಾತು ಜಾಸ್ತಿ, ನಾಟಕದ ಥರ ನಿಂತು ನಿಂತು ಆಡುತ್ತಾರೆ. ಈ ಸಿನಿಮಾ ಬಂದದ್ದೇ ನಾಟಕದಿಂದ. ಅಲ್ಲಿ ಗ್ಲಾಸ್ ಬೇಕೇ ಬೇಕು. ಡ್ರಾಕುಲಾನ ವಶವಾಗಿ ಹುಚ್ಚಾಸ್ಪತ್ರೆಯ ಕೋಣೆಯಲ್ಲಿ ನೊಣ, ಜೇಡ ತಿನ್ನುವ ರೆನ್‌ಫೀಲ್ಡ್‌ನನ್ನು ಬರೀ ಮಾತಲ್ಲಿ ನೋಡಿದಾಗ ನನಗೆ ಹೇಸಿಗೆಯಾಗಿತ್ತು. ಸಂಗೀತದ ಜೊತೆ ನೋಡಿದರೆ, ಅವನು ಮೊದಲು ಕೆಲಸದ ಮೇಲೆ ಸೂಟ್‌ಕೇಸ್ ಹಿಡಿದು ಊರು ಬಿಟ್ಟು ಬಂದ ಸಾಧಾರಣ ಮನುಷ್ಯ ಅನ್ನೋದು ನೆನಪಾಗುತ್ತದೆ. ಅಮ್ಮ "ಪಾಪ" ಅಂದಳು. ಎರಡು ಸಲ ಅಂದಳು.

ಸಿನಿಮಾ ಮುಗಿದದ್ದು ಹತ್ತೂವರೆಗೆ. ಅಮ್ಮ ಏಳಲಿಲ್ಲ. "ಆ ಗಾಡಿ ಓಡೋದು ಇನ್ನೊಂದು ಸಲ ಹಾಕು. ಪಿಟೀಲು ಇರೋದು" ಅಂದಳು. ಹಾಕಿದೆ. ಈ ಸಲ ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು.