ಒಂದೆಲಗದ ಎಣ್ಣೆ ಕೆಡುವುದು ನೀರಿನಿಂದ

ಉಡುಪಿ ಕಡೆ ಒಂದೆಲಗಕ್ಕೆ ತಿಮರೆ ಅನ್ನುತ್ತಾರೆ, ಅಲ್ಲಿ ಅದು ಚಟ್ನಿ, ತಂಬುಳಿಯ ಸೊಪ್ಪು. ಔಷಧ ತಯಾರಿಸುವ ನಮಗೆ ಅದೇ ಒಂದೆಲಗ ತಲೆಗೆ ಹಚ್ಚುವ ಎಣ್ಣೆಯ ಸರಕು. ತಲೆ ತಂಪಾಗಲು, ನಿದ್ದೆ ಬರಲು, ಕೂದಲಿಗೆಂದು ಹಚ್ಚುವುದು ಹಳೆಯ ರೂಢಿ. ಎಣ್ಣೆ ಮುಗ್ಗಿದಾಗ ಎಲ್ಲರೂ ಬೈಯುವುದು ತೆಂಗಿನೆಣ್ಣೆಯನ್ನು. ಹೆಚ್ಚಿನ ಸಲ ತಪ್ಪು ನೀರಿನದ್ದು.

ಅದಕ್ಕೂ ಮೊದಲು ಗಿಡ ಸರಿಯಿರಬೇಕು. ಚೀಟಿಯಲ್ಲಿ ‘ಬ್ರಾಹ್ಮಿ’ ಎಂದಷ್ಟೇ ಇದ್ದರೆ ಚೀಲ ಬಿಚ್ಚಿ ನೋಡಿ, ಆ ಹೆಸರಿನಲ್ಲಿ ಬೇರೆ ಗಿಡವೂ ಬರುತ್ತದೆ. ಒಂದೆಲಗ, ಅಂದರೆ ಮಂಡೂಕಪರ್ಣಿ, ನೆಲಕ್ಕೆ ಹಬ್ಬುವ ಬಳ್ಳಿ. ಗಂಟುಗಂಟಿಗೂ ಬೇರು, ಉದ್ದ ತೊಟ್ಟು, ದುಂಡನೆಯ ಎಲೆ. ನೀರುಬ್ರಾಹ್ಮಿಯ ಎಲೆ ಸಣ್ಣದು, ದಪ್ಪ, ಜೋಡಿಜೋಡಿ, ನಾಲಿಗೆಗೆ ಕಹಿ. ಮೂರನೆಯದು, ಕುಂಡದಲ್ಲಿ ಬೆಳೆಸುವ ಅಲಂಕಾರದ ಗಿಡ. ಅದರ ತೊಟ್ಟು ಕೊಡೆಯ ಕೋಲಿನಂತೆ ಎಲೆಯ ನಡುವಿಗೆ ಅಂಟಿರುತ್ತದೆ. ಒಂದೆಲಗದ ತೊಟ್ಟು ಎಲೆಯ ಸೀಳಿನ ಬುಡಕ್ಕೆ. ಇದೊಂದನ್ನು ನೋಡಿದರೆ ಸಾಕು.

ಗದ್ದೆ ಹುಣಿಯದ್ದು (ಬದುವಿನದ್ದು), ತೋಟದ್ದು ಒಳ್ಳೆಯದು. ಚರಂಡಿ ಬದಿಯದ್ದು ಎಷ್ಟೇ ಸೊಂಪಾಗಿರಲಿ, ಬೇಡ. ಕೆಸರು ಬೇರಿನ ಗಂಟಿನಲ್ಲಿ ಕೂರುವುದರಿಂದ ಮೂರು ನೀರಿನಲ್ಲಾದರೂ ತೊಳೆದು, ಬುಟ್ಟಿಯಲ್ಲಿ ಹರಡಿ ನೀರು ಪೂರ್ತಿ ಇಳಿಯಲು ಬಿಡಬೇಕು. ಒದ್ದೆ ಸೊಪ್ಪು ಅರೆದರೆ ಅಳತೆಗೆ ಸಿಗುವುದು ರಸವಲ್ಲ, ನೀರುರಸ. ಅರೆಯುವಾಗಲೂ ನೀರು ಹಾಕುವಂತಿಲ್ಲ.

ಶಾಸ್ತ್ರದ ಪ್ರಮಾಣ: ಎಣ್ಣೆ 1 ಲೀಟರ್, ರಸ 4 ಲೀಟರ್, ನುಣ್ಣಗೆ ಅರೆದ ಸೊಪ್ಪಿನ ಕಲ್ಕ 125 ಗ್ರಾಂ. ದಪ್ಪ ತಳದ ಅಗಲ ಪಾತ್ರೆ, ಸಣ್ಣ ಉರಿ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಉಕ್ಕುತ್ತದೆ. ಸಟ್ಟುಗ ತಳ ಮುಟ್ಟುತ್ತಲೇ ಇರಬೇಕು. ಕಲ್ಕ ತಳ ಹಿಡಿದರೆ ಎಣ್ಣೆಗೆಲ್ಲ ಸೀದ ವಾಸನೆ, ಅದಕ್ಕೆ ಮದ್ದಿಲ್ಲ. ಬೇಗ ಮುಗಿಸಲೆಂದು ಉರಿ ಏರಿಸಿದರೆ ಕಲ್ಕದ ಹೊರಗೆ ಕಪ್ಪು, ಒಳಗೆ ಹಸಿ.

ಪಾಕದ ಹೊತ್ತು ಗಡಿಯಾರದಲ್ಲಿ ಸಿಗುವುದಿಲ್ಲ. ಮೊದಲು ಕುದಿತದ ಗುಳುಗುಳು ಸದ್ದು ತಗ್ಗುತ್ತದೆ, ಕಲ್ಕ ಬಿಡಿಯಾಗುತ್ತದೆ. ಚೂರು ತೆಗೆದು ಆರಿಸಿ ಬೆರಳುಗಳ ನಡುವೆ ಹೊಸೆಯಿರಿ. ಅಂಟಿಕೊಂಡರೆ ಇನ್ನೂ ನೀರಿದೆ. ಬತ್ತಿಯಾಗಿ ನಿಂತರೆ ಅದನ್ನು ಬೆಂಕಿಗೆ ತೋರಿಸಿ: ಚಟಚಟ ಅಂದರೆ ಮತ್ತೆ ಒಲೆಯ ಮೇಲೆ, ಸದ್ದಿಲ್ಲದೆ ಉರಿದರೆ ಇಳಿಸಬಹುದು. ಎಣ್ಣೆಯಲ್ಲಿ ಕೊನೆಗೆ ನೊರೆ ಏಳುತ್ತದೆ. ತುಪ್ಪದಲ್ಲಿ ತಿರುಗಾಮುರುಗಾ, ನೊರೆ ಅಡಗುತ್ತದೆ. ಬ್ರಾಹ್ಮೀಘೃತ (ಬ್ರಾಹ್ಮಿಯ ತುಪ್ಪ) ಕಾಯಿಸಿ ಅಭ್ಯಾಸವಾದ ಕೈ ಎಣ್ಣೆಯಲ್ಲಿ ಎಡವುವುದು ಇಲ್ಲೇ.

ಬಿಸಿ ಇರುವಾಗಲೇ ಸೋಸಿ, ಒಂದು ರಾತ್ರಿ ಬಿಟ್ಟು ಮೇಲಿನ ತಿಳಿಯನ್ನಷ್ಟೇ ತುಂಬಿಸಿ. ಆಟಿ ತಿಂಗಳ ಮಳೆಯಲ್ಲಿ ತೊಳೆದ ಬಾಟಲಿ ಬೋರಲು ಹಾಕಿದ ಮಾತ್ರಕ್ಕೆ ಒಣಗದು. ಬಿಸಿಗಾಳಿಯ ಪೆಟ್ಟಿಗೆಯಲ್ಲೇ ಒಣಗಿಸಬೇಕು. ಡಿಸೆಂಬರಿನ ಬೆಳಿಗ್ಗೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿದೆ ಎಂಬ ದೂರು ಬಂದರೆ ಗಾಬರಿ ಬೇಡ, ತೆಂಗಿನೆಣ್ಣೆಯ ಗುಣವೇ ಅದು, ಬಿಸಿನೀರಲ್ಲಿಟ್ಟರೆ ಕರಗುತ್ತದೆ. ಏಪ್ರಿಲಿನಲ್ಲೂ ಮಸುಕಾಗಿದ್ದರೆ ಮಾತ್ರ ಒಳಗೆ ನೀರು ಉಳಿದಿದೆ ಎಂದು ತಿಳಿದು ಆ ಪಾಕದ ಬಾಟಲಿಗಳನ್ನೆಲ್ಲ ವಾಪಸು ತರಿಸಿ.