ವಿರಾಮದಲ್ಲಿರುವ ಜಾಬ್‌ಗಳ ರದ್ದತಿ ಮತ್ತು ಮುಂದುವರಿಕೆ: ಕೋಡ್ ಪರಿಶೀಲನೆ ಎಲ್ಲಿಗೆ ಬಂದಿದೆ

ಡಿಸ್ಕ್ ಇಮೇಜುಗಳನ್ನು ಹಿನ್ನೆಲೆಯಲ್ಲಿ ನಕಲು ಮಾಡುವ ನಮ್ಮ ಹವ್ಯಾಸಿ ಪ್ರಾಜೆಕ್ಟಿಗೆ, ವಿರಾಮದಲ್ಲಿರುವ ಜಾಬನ್ನು (ಅಂದರೆ ನಕಲಿನ ಒಂದು ಕೆಲಸವನ್ನು) ರದ್ದು ಮಾಡುವ ಹಾಗೂ ಮುಂದುವರಿಸುವ ಸೌಲಭ್ಯ ಸೇರಿಸುವ ಪ್ಯಾಚಿನ, ಅಂದರೆ ಕೋಡ್ ಬದಲಾವಣೆಯ, ಪರಿಶೀಲನೆ ಬಹುಪಾಲು ಮುಗಿದಿದೆ. ಕಮಾಂಡ್‌ಗಳನ್ನು ಓದುವ ಭಾಗದಲ್ಲಾಗಲಿ, ಪ್ರಗತಿ ತೋರಿಸುವ ಭಾಗದಲ್ಲಾಗಲಿ ಆಕ್ಷೇಪಿಸುವಂಥದ್ದು ಏನೂ ಇರಲಿಲ್ಲ. ಸಮಯ ಹಿಡಿದದ್ದು, ಜಾಬನ್ನು ನಡೆಸುವ ವರ್ಕರ್ ಥ್ರೆಡ್ ವಿರಾಮದಲ್ಲಿ ಕಾಯುವ ಒಂದು ಸಣ್ಣ ಲೂಪ್.

ಆ ಲೂಪಿನಲ್ಲಿ ಥ್ರೆಡ್ಡು ವಿರಾಮದ ಎಣಿಕೆ (ಜಾಬಿನ ಮೇಲೆ ಎಷ್ಟು ವಿರಾಮಗಳಿವೆ ಎಂಬ ಸಂಖ್ಯೆ) ಸೊನ್ನೆಗೆ ಇಳಿಯುವವರೆಗೂ ಕಂಡಿಷನ್ ವೇರಿಯಬಲ್ ಮೇಲೆ, ಅಂದರೆ ಬೇರೆ ಥ್ರೆಡ್ ಎಬ್ಬಿಸುವವರೆಗೆ ಮಲಗಿ, ಕಾಯುತ್ತಿತ್ತು. ರದ್ದು ಮಾಡುವ ಫಂಕ್ಷನ್ ತನ್ನ ಫ್ಲ್ಯಾಗನ್ನು ಏರಿಸಿ, ಥ್ರೆಡ್ಡನ್ನು ಎಬ್ಬಿಸಿ, ಅದು ಮುಗಿಯಲೆಂದು ಜಾಯಿನ್‌ನಲ್ಲಿ ನಿಲ್ಲುತ್ತಿತ್ತು. ಎಚ್ಚೆತ್ತ ಥ್ರೆಡ್ಡು ಎಣಿಕೆಯನ್ನಷ್ಟೇ ನೋಡಿ, ಅದು ಇನ್ನೂ ಒಂದಾಗಿರುವುದರಿಂದ ಮತ್ತೆ ಮಲಗುತ್ತದೆ; ಅಲ್ಲಿಗೆ ಎರಡೂ ಶಾಶ್ವತವಾಗಿ ಸಿಕ್ಕಿಬೀಳುತ್ತವೆ. ಪರೀಕ್ಷೆಗಳೆಲ್ಲ ಓಡುತ್ತಿರುವ ಜಾಬನ್ನೇ ರದ್ದು ಮಾಡುತ್ತಿದ್ದುದರಿಂದ ಈ ದಾರಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ರದ್ದತಿಯ ಫ್ಲ್ಯಾಗ್ ಏರಿದ್ದರೆ ಲೂಪಿನಿಂದ ಹೊರಬರಲಿ ಎಂಬ ಸಲಹೆ ಬಂತು. ನಾನದನ್ನು ಒಪ್ಪಲಿಲ್ಲ. ವಿರಾಮವನ್ನು ಎಣಿಕೆಯಾಗಿ ಇಟ್ಟುಕೊಂಡಿರುವುದಕ್ಕೆ ಕಾರಣವೇ ಬೇರೆ: ಬಳಕೆದಾರರು ಜಾಬನ್ನು ನಿಲ್ಲಿಸಿರಬಹುದು, ಅದೇ ಹೊತ್ತಿಗೆ ಸ್ನ್ಯಾಪ್‌ಶಾಟ್ (ಒಂದು ಕ್ಷಣದ ಡಿಸ್ಕಿನ ಸ್ಥಿತಿಯ ಪ್ರತಿ) ತೆಗೆಯುವ ಕೋಡ್ ಕೂಡ ಡಿಸ್ಕಿಗೆ ಯಾವ ಬರಹವೂ ಹೋಗಬಾರದೆಂದು ತನ್ನದೊಂದು ವಿರಾಮ ಹಾಕಿರಬಹುದು. ರದ್ದತಿಯ ಹೆಸರಿನಲ್ಲಿ ಎರಡನ್ನೂ ಮುರಿದರೆ, ಹೊರಬಂದ ಜಾಬ್ ತನ್ನ ಬಿಟ್‌ಮ್ಯಾಪನ್ನು (ಯಾವ ಭಾಗಗಳ ನಕಲು ಆಗಿದೆ ಎಂಬ ಗುರುತುಪಟ್ಟಿಯನ್ನು) ಬರೆದು ಫೈಲು ಮುಚ್ಚಲು ಹೊರಡುತ್ತದೆ, ಆ ಬರಹ ಸ್ನ್ಯಾಪ್‌ಶಾಟಿನ ನಡುವೆಯೇ ಬೀಳುತ್ತದೆ. ವರ್ಚುವಲ್ ಯಂತ್ರಗಳನ್ನು ನಡೆಸುವ ತಂತ್ರಾಂಶವಾದ ಕ್ಯೂಎಮುವಿನ (QEMU) ಜಾಬ್ ಕೋಡ್ ಈ ವ್ಯತ್ಯಾಸವನ್ನು ಬಹಳ ಎಚ್ಚರದಿಂದ ಕಾಪಾಡಿಕೊಂಡಿದೆ. ಅಲ್ಲಿ ವಿರಾಮಗಳ ಒಟ್ಟು ಎಣಿಕೆ ಬೇರೆ, ಬಳಕೆದಾರರು ನಿಲ್ಲಿಸಿದ್ದಾರೆಯೇ ಎಂಬ ಫ್ಲ್ಯಾಗ್ ಬೇರೆ. ರದ್ದತಿ ಬಂದಾಗ ಬಳಕೆದಾರರ ವಿರಾಮವೊಂದನ್ನೇ ತೆಗೆದು ಎಣಿಕೆಯನ್ನು ಒಂದರಷ್ಟು ಇಳಿಸಲಾಗುತ್ತದೆ. ಉಳಿದ ವಿರಾಮಗಳನ್ನು ಹಾಕಿದವರೇ ತೆಗೆಯಬೇಕು. ನಮ್ಮ ಪ್ಯಾಚನ್ನೂ ಈಗ ಹಾಗೆಯೇ ತಿದ್ದಲಾಗಿದೆ.

ಮುಂದುವರಿಸುವ ಫಂಕ್ಷನ್ನಿನಲ್ಲಿ ತೊಡಕಿದ್ದುದು ಎರಡು ಸಾಲುಗಳ ಅನುಕ್ರಮದಲ್ಲಿ. ಡಿಸ್ಕಿನಲ್ಲಿ ಜಾಗ ಮುಗಿದು ತಾನಾಗಿ ನಿಂತ ಜಾಬನ್ನು ಮುಂದುವರಿಸುವಾಗ, ಪ್ಯಾಚ್ ಮೊದಲು ಎಣಿಕೆಯನ್ನು ಇಳಿಸಿ ಲಾಕ್ ಬಿಟ್ಟುಕೊಟ್ಟು, ಆಮೇಲೆ ದೋಷದ ಸ್ಥಿತಿಯನ್ನು ಅಳಿಸುತ್ತಿತ್ತು. ಡಿಸ್ಕಿನಲ್ಲಿ ಜಾಗ ಇನ್ನೂ ತೆರವಾಗಿರದಿದ್ದರೆ, ಎದ್ದ ಥ್ರೆಡ್ಡು ಆ ಅಂತರದಲ್ಲಿಯೇ ಹೊಸ ದೋಷವನ್ನು ದಾಖಲಿಸಿ ಮತ್ತೆ ನಿಲ್ಲಬಹುದು, ನಾವು ಅಳಿಸುವುದು ಆ ಹೊಸ ದೋಷವನ್ನು. ಜಾಬ್ ನಿಂತಿದೆ, ಆದರೆ ಸ್ಥಿತಿ ಕೇಳಿದರೆ ಎಲ್ಲವೂ ಸರಿಯಿದೆ ಎಂಬ ಉತ್ತರ ಬರುತ್ತದೆ. ನಕಲು ಮಾಡುವ ಸಾಧನವೊಂದು ಹೇಳಬಹುದಾದ ಸುಳ್ಳುಗಳಲ್ಲಿ ಇದಕ್ಕಿಂತ ಅಪಾಯಕಾರಿಯಾದದ್ದು ಕಡಿಮೆ. ಕ್ಯೂಎಮುವಿನಲ್ಲಿ ದೋಷದ ಸ್ಥಿತಿಯನ್ನು ಅಳಿಸುವ ಫಂಕ್ಷನ್, ಬಳಕೆದಾರರ ವಿರಾಮ ಇನ್ನೂ ಜಾರಿಯಲ್ಲಿದೆಯೆಂದು ಅಸರ್ಟ್ ಮಾಡಿಯೇ (ಹಾಗಿಲ್ಲದಿದ್ದರೆ ಪ್ರೋಗ್ರಾಂ ಅಲ್ಲಿಯೇ ನಿಲ್ಲುವಂತೆ ತಪಾಸಿಸಿಯೇ) ಮುಂದೆ ಹೋಗುತ್ತದೆ. ಅಂಥದೇ ಅಸರ್ಟ್ ನಮ್ಮಲ್ಲಿಯೂ ಸೇರಿದೆ.

ಉಳಿದಿರುವುದು, ವಿರಾಮದಲ್ಲಿರುವಾಗಲೇ ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆದರೆ ಏನಾಗಬೇಕೆಂಬ ಪ್ರಶ್ನೆ. ಲಿನಕ್ಸ್‌ನ ಬಿಟಿಆರ್‌ಎಫ್‌ಎಸ್ (Btrfs) ಫೈಲ್ ಸಿಸ್ಟಮ್ಮಿನಲ್ಲಿ ಬ್ಯಾಲೆನ್ಸ್ ಕೆಲಸವನ್ನು (ದತ್ತಾಂಶವನ್ನು ಡಿಸ್ಕುಗಳಲ್ಲಿ ಮರುಹಂಚುವುದನ್ನು) ನಿಲ್ಲಿಸಿ ಮುಂದುವರಿಸುವ ಅನುಕೂಲ 2012ರ 3.3ನೇ ಆವೃತ್ತಿಯಿಂದಲೇ ಇದೆ, ಮತ್ತು ಅದರ ಸ್ಥಿತಿ ಡಿಸ್ಕಿನಲ್ಲಿಯೇ ದಾಖಲಾಗಿರುತ್ತದೆ. ನಿಂತಿರುವ ಬ್ಯಾಲೆನ್ಸನ್ನು ರದ್ದು ಮಾಡುವಾಗ ಸೂಚನೆ ಕೊಡಲು ಓಡುತ್ತಿರುವ ಥ್ರೆಡ್ ಇರುವುದಿಲ್ಲವಾದ್ದರಿಂದ, ರದ್ದು ಕೇಳಿದ ಕರೆಯೇ ಆ ದಾಖಲೆಯನ್ನು ಅಳಿಸುತ್ತದೆ. ಓದಲು ಮಾತ್ರ ಮೌಂಟ್ ಆಗಿರುವ ಫೈಲ್ ಸಿಸ್ಟಮ್ಮಿನಲ್ಲಿ ಅಳಿಸುವುದು ಸಲ್ಲದಾದ್ದರಿಂದ ಕೋರಿಕೆಯನ್ನೇ ತಿರಸ್ಕರಿಸುತ್ತದೆ. ನಮ್ಮ ಕೋಡ್ ಮಾತ್ರ ಥ್ರೆಡ್ ಇದ್ದೇ ಇರುತ್ತದೆಂದು ನಂಬಿಕೊಂಡಿದೆ. ಆ ದಾರಿಯನ್ನು ಬೇರೆಯಾಗಿ ಬರೆದು, ಪ್ರೋಗ್ರಾಂ ಮರಳಿ ತೆರೆದ ಕೂಡಲೇ ರದ್ದು ಮಾಡುವ ಪರೀಕ್ಷೆಯೊಂದು ಪಾಸಾಗುವವರೆಗೆ ಪ್ಯಾಚನ್ನು ಮುಖ್ಯ ಶಾಖೆಗೆ ಸೇರಿಸುವುದಿಲ್ಲ.