ಮುಚ್ಚಿದ್ದು ಪಂಪನ್ನು, ಸದ್ದು ಬರುತ್ತಿದ್ದದ್ದು ತಗಡಿನಿಂದ

ನಮ್ಮ ಶಾಪಿನ ಮೂರನೇ ಹೈಡ್ರಾಲಿಕ್ ಪ್ರೆಸ್ಸಿನ ಹಿರಿಯ ಆಪರೇಟರ್ ಒಬ್ಬರ ಶ್ರವಣ ಪರೀಕ್ಷೆಯ ವರದಿ ಬಂದಾಗ, ಅದರ ಗೆರೆ 4000 ಹರ್ಟ್ಸ್ ಬಳಿ ಗುಂಡಿಗೆ ಬಿದ್ದಂತೆ ಕೆಳಗಿಳಿದಿತ್ತು. ಸದ್ದಿನಿಂದ ಕಿವಿ ಕೆಡುವಾಗ ಮೊದಲು ಕಾಣಿಸಿಕೊಳ್ಳುವ ಗುರುತು ಸಾಮಾನ್ಯವಾಗಿ ಅದೇ, ಮತ್ತು ಒಳಕಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅವರು ನಿಲ್ಲುವ ಜಾಗದಲ್ಲಿ ಮೀಟರ್ 94 ಡೆಸಿಬೆಲ್ ತೋರಿಸುತ್ತಿತ್ತು. ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ನಡೆಸುವ ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿ ಅರ್ಧಕ್ಕಿಳಿಯುತ್ತದೆ. 94ಕ್ಕೆ ಉಳಿಯುವುದು ಒಂದೇ ಗಂಟೆ. ಅವರು ನಿಲ್ಲುತ್ತಿದ್ದದ್ದು ಇಡೀ ಶಿಫ್ಟ್. ಇಯರ್ ಪ್ಲಗ್ ಕೊಟ್ಟಿದ್ದೇವಲ್ಲ ಎಂಬ ಉತ್ತರ ಮೇಲಿನವರ ಬಳಿ ಸದಾ ಸಿದ್ಧವಿರುತ್ತದೆ; ಆದರೆ ಸದ್ದನ್ನು ಯಂತ್ರದಲ್ಲಿಯೇ ತಗ್ಗಿಸುವ ಪ್ರಯತ್ನ ಮಾಡದೆ ಕಿವಿಗೆ ಬಿರಡೆ ಹಾಕಿಸುವುದನ್ನು ನಾನು ಪರಿಹಾರವೆಂದು ಒಪ್ಪಲಾರೆ.

ಆ ಕೆಲಸ ನನಗೆ ಬಂತು. ಮೀಟರ್ ಹಿಡಿದು ಯಂತ್ರದ ಸುತ್ತ ನಡೆದೆ. ಹಿಂಭಾಗದಲ್ಲಿದ್ದ ಪವರ್ ಪ್ಯಾಕಿನ, ಅಂದರೆ ಪ್ರೆಸ್ಸಿಗೆ ಒತ್ತಡದ ಎಣ್ಣೆ ಕೊಡುವ ಘಟಕದ, ಪಂಪ್ ಬಳಿ 99 ಬಂದ ಕೂಡಲೇ ಕಳ್ಳ ಸಿಕ್ಕಿದನೆಂದು ತೀರ್ಮಾನಿಸಿಬಿಟ್ಟೆ. ಆಪರೇಟರ್ ನನ್ನನ್ನು ಕರೆದು, ತಾವು ನಿಲ್ಲುವ ಜಾಗದೆದುರಿನ ರಕ್ಷಣಾ ತಗಡನ್ನು ತೋರಿಸಿ, "ಸರ್, ಈ ಗಾರ್ಡ್ ಶೀಟೇ ಕೂಗ್ತಾ ಇದೆ, ಸ್ವಲ್ಪ ಕೈಯಿಟ್ಟು ನೋಡಿ" ಎಂದರು. ಪಂಪಿನ ಸದ್ದಿಗೆ ಎಲ್ಲವೂ ಅದುರುತ್ತದೆ, ಪಂಪನ್ನು ಮುಚ್ಚಿದರೆ ಅದೂ ನಿಲ್ಲುತ್ತದೆ ಎಂದು ಹೇಳಿ ಮುಂದೆ ನಡೆದೆ. ಕೈಯಿಡಲಿಲ್ಲ. ಎರಡು ಸೆಕೆಂಡಿನ ಆ ಕೆಲಸವನ್ನು ಮಾಡದೆ ಹೋದದ್ದು ಇಂದಿಗೂ ಮನಸ್ಸನ್ನು ಚುಚ್ಚುತ್ತದೆ.

ಒಳಗೆ ಫೋಮ್, ಹೊರಗೆ ದಪ್ಪ ಉಕ್ಕಿನ ತಗಡು ಇದ್ದ, ಪವರ್ ಪ್ಯಾಕನ್ನು ಸುತ್ತ ಮುಚ್ಚುವ ಎನ್‌ಕ್ಲೋಶರ್ ಮಾಡಿಸಿದೆವು. ಹೊದಿಕೆಯ ಮೇಲ್ಮೈಯಲ್ಲಿ ನೂರಕ್ಕೆ ಒಂದು ಪಾಲು ತೆರೆದಿದ್ದರೂ, ಗೋಡೆ ಎಷ್ಟೇ ದಪ್ಪವಿರಲಿ, 20 ಡೆಸಿಬೆಲ್‌ಗಿಂತ ಹೆಚ್ಚು ತಡೆ ಸಿಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಹಾಗಾಗಿ ಕೇಬಲ್ ಹೋಗುವ ಸಂದನ್ನೂ ಬಿಡದೆ ಮುಚ್ಚಿಸಿದೆ. ಗಾಳಿಯಿಂದ ತಂಪಾಗುವ ಆಯಿಲ್ ಕೂಲರ್ ಅದೇ ಪೆಟ್ಟಿಗೆಯೊಳಗೆ ಉಳಿಯಿತು. ಗಾಳಿ ಓಡಾಡಲು ಒಳಪದರವಿರುವ, ಬಾಗುಗಳಿರುವ ಡಕ್ಟ್ ಕೊಡಬೇಕೆಂಬುದು ಡ್ರಾಯಿಂಗ್‌ನಲ್ಲಿತ್ತು. ಅದು ಮುಂದಿನ ವಾರ ಬರಲಿ, ಒಂದು ದಿನದ ಟ್ರಯಲ್‌ಗೆ ಏನೂ ಆಗದು ಎಂದು ನಾನೇ ಹೇಳಿದ್ದೆ.

ಟ್ರಯಲ್ ದಿನ ಪ್ಲಾಂಟ್ ಹೆಡ್, ಸೇಫ್ಟಿ ಆಫೀಸರ್, ಪ್ರೊಡಕ್ಷನ್‌ನವರು ಎಲ್ಲರೂ ನಿಂತಿದ್ದರು. ಪಂಪ್ ಬಳಿ ಮೀಟರ್ ಹಿಡಿದೆ: 99 ಇದ್ದದ್ದು 87. ಹನ್ನೆರಡು ಡೆಸಿಬೆಲ್ ಇಳಿದಿದೆ ಎಂದು ಗಟ್ಟಿಯಾಗಿಯೇ ಹೇಳಿದೆ. ಸೇಫ್ಟಿ ಆಫೀಸರ್ ಮೀಟರನ್ನು ನನ್ನ ಕೈಯಿಂದ ತೆಗೆದುಕೊಂಡು, ಆಪರೇಟರ್ ನಿಲ್ಲುವ ಜಾಗಕ್ಕೆ ಹೋಗಿ ಅವರ ಕಿವಿಯ ಎತ್ತರಕ್ಕೆ ಹಿಡಿದರು. 93. ಯಾರೂ ಮಾತನಾಡಲಿಲ್ಲ. ಮೀಟರ್ ಸರಿಯಿಲ್ಲವೇನೋ ಎಂದು ಕ್ಯಾಲಿಬ್ರೇಟರ್ ತರಿಸಿ ನೋಡಿದೆ. ಮೀಟರ್ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಪ್ಯಾನೆಲ್‌ನಲ್ಲಿ ಎಣ್ಣೆಯ ತಾಪ 58 ಡಿಗ್ರಿ ತೋರಿಸುತ್ತಿತ್ತು. 61 ಆಯಿತು. ಬಾಗಿಲು ತೆಗೆಸಿಬಿಡೋಣ ಎಂದು ಮನಸ್ಸು ಹೇಳುತ್ತಿದ್ದರೂ, ಎಲ್ಲರೆದುರು ತೆಗೆಸಿದರೆ ಸೋಲನ್ನು ಒಪ್ಪಿಕೊಂಡಂತೆ ಎಂಬ ಹಠದಿಂದ ಸುಮ್ಮನೆ ನಿಂತೆ. 65ಕ್ಕೆ ಪವರ್ ಪ್ಯಾಕ್ ಟ್ರಿಪ್ ಆಗಿ ತಾನಾಗಿಯೇ ನಿಂತಿತು. ಅರ್ಧ ಎಳೆದ ಶೀಟ್ ಡೈಯೊಳಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸುವಷ್ಟರಲ್ಲಿ ಶಿಫ್ಟ್ ಮುಗಿದಿತ್ತು.

ಎಲ್ಲರೂ ಹೋದ ಮೇಲೆ, ಎಣ್ಣೆ ತಣಿದ ಬಳಿಕ, ಎನ್‌ಕ್ಲೋಶರ್ ಬಾಗಿಲು ತೆರೆದಿಟ್ಟು ಪಂಪನ್ನು ಮಾತ್ರ ಓಡಿಸಿ ಆ ಗಾರ್ಡ್ ಶೀಟಿನ ಮೇಲೆ ಅಂಗೈಯಿಟ್ಟೆ. ಬೆರಳ ತುದಿಯಿಂದ ಮುಂಗೈವರೆಗೆ ಜುಮ್ಮೆಂದಿತು. ಎರಡೂ ಅಂಗೈಗಳಿಂದ ಒತ್ತಿದಾಗ ಸದ್ದಿನ ಧ್ವನಿಯೇ ಬದಲಾಯಿತು. ಅದರ ಬೆನ್ನಿಗೆ ಪ್ರೆಶರ್ ಲೈನಿನ ಉಕ್ಕಿನ ಪೈಪನ್ನು ನಾಲ್ಕು ಕ್ಲ್ಯಾಂಪ್‌ಗಳಿಂದ ನೇರವಾಗಿ ಬಿಗಿದಿದ್ದರು. ಒಂಬತ್ತು ಪಿಸ್ಟನ್‌ಗಳ ಪಂಪ್ ನಿಮಿಷಕ್ಕೆ 1450 ಸುತ್ತು ತಿರುಗುವಾಗ ಎಣ್ಣೆಯನ್ನು ಸೆಕೆಂಡಿಗೆ ಸುಮಾರು 217 ಬಾರಿ ತಳ್ಳುತ್ತದೆ. ಆ ಮಿಡಿತ ಎಣ್ಣೆಯ ಮೂಲಕವೂ ಪೈಪಿನ ಮೂಲಕವೂ ಸಾಗಿ ತಗಡನ್ನು ಅಲುಗಿಸುತ್ತಿತ್ತು. ತಂತಿಯ ನಾದವನ್ನು ವೀಣೆಯ ಕೊಡ ಹಿಗ್ಗಿಸುವಂತೆ ಆ ಅಗಲವಾದ ತಗಡು ಆಪರೇಟರ್ ಮುಖಕ್ಕೇ ಸದ್ದನ್ನು ಎಸೆಯುತ್ತಿತ್ತು. ಎರಡು ಸದ್ದುಗಳಲ್ಲಿ ದೊಡ್ಡದು ಹಾಗೆಯೇ ಉಳಿದರೆ ಚಿಕ್ಕದನ್ನು ಪೂರ್ತಿ ಅಳಿಸಿದರೂ ಮೀಟರ್ ಹೆಚ್ಚೇನೂ ಇಳಿಯುವುದಿಲ್ಲ. ನಾನು ಅಳೆಯಬೇಕಾಗಿದ್ದದ್ದು ಕಿವಿ ಇರುವ ಜಾಗವನ್ನು, ಅಳೆದದ್ದು ಪಂಪ್ ಇರುವ ಜಾಗವನ್ನು.

ಮರುದಿನ ಬೆಳಿಗ್ಗೆ ಆಪರೇಟರ್ ಬಳಿ ಹೋಗಿ, ನೀವು ಹೇಳಿದ್ದೇ ಸರಿ, ನಾನು ಕೇಳಬೇಕಿತ್ತು ಎಂದೆ. ಅವರು ತಲೆಯಾಡಿಸಿ, ಮೇಲಿನ ಎರಡು ಕ್ಲ್ಯಾಂಪ್‌ಗಳ ಬೋಲ್ಟ್ ಎಲ್ಲಿ ತುಕ್ಕು ಹಿಡಿದಿದೆ, ಯಾವ ಸ್ಪ್ಯಾನರ್ ಬೇಕು ಎಂದು ತೋರಿಸಿದರು.

ಪಂಪಿನ ಔಟ್‌ಲೆಟ್‌ಗೆ ಒಂದು ತುಂಡು ಹೋಸ್, ಪೈಪ್‌ಗೆ ರಬ್ಬರ್ ಒಳಪದರದ ಕ್ಲ್ಯಾಂಪ್‌ಗಳು, ಅವುಗಳನ್ನು ತಗಡಿನ ಬದಲು ಫ್ರೇಮಿಗೆ ಕೂರಿಸಲು ಬ್ರಾಕೆಟ್‌ಗಳು, ತಗಡಿನ ಬೆನ್ನಿಗೆ ಅದುರುವಿಕೆ ಹೀರುವ ಡ್ಯಾಂಪಿಂಗ್ ಶೀಟ್: ಬೇಕಾದದ್ದು ಇಷ್ಟೇ. ಎನ್‌ಕ್ಲೋಶರ್‌ನ ವೆಚ್ಚದ ಮುಂದೆ ಇದು ಏನೂ ಅಲ್ಲ. ಆದರೂ ದೊಡ್ಡ ಪೆಟ್ಟಿಗೆಗೆ ಒಂದೇ ಸಹಿಯಲ್ಲಿ ಒಪ್ಪಿಗೆ ಸಿಕ್ಕಿತ್ತು. ಹೋಸ್ ಮತ್ತು ಕ್ಲ್ಯಾಂಪ್‌ಗಳು ಮೆಂಟೆನೆನ್ಸ್ ಸ್ಪೇರ್ಸ್ ಲೆಕ್ಕಕ್ಕೆ ಬರುತ್ತವೆಂದು ಮೂರು ಮೇಜು ದಾಟಬೇಕಾಯಿತು. ಕಣ್ಣಿಗೆ ದೊಡ್ಡದಾಗಿ ಕಾಣುವುದಕ್ಕೆ ಹಣ ಬೇಗ ಹುಟ್ಟುತ್ತದೆ. ಅಷ್ಟು ದಿನವೂ ಆ ಮನುಷ್ಯ ಅದೇ 93ರಲ್ಲಿ ನಿಂತಿದ್ದರು.

ಎಲ್ಲವನ್ನೂ ಕೂರಿಸಿ, ಎನ್‌ಕ್ಲೋಶರ್‌ಗೆ ಡಕ್ಟ್ ಮತ್ತು ಫ್ಯಾನ್ ಕೊಟ್ಟ ಮೇಲೆ ಅವರ ಕಿವಿಯ ಬಳಿ ಮೀಟರ್ 86 ತೋರಿಸಿತು. 85ರ ಮೇಲೆ ಇನ್ನೂ ಒಂದು ಉಳಿದಿದೆ, ಆದ್ದರಿಂದ ಇಯರ್ ಪ್ಲಗ್ ತೆಗೆಯುವಂತಿಲ್ಲ. ಈಗ ಆ ಜಾಗದಲ್ಲಿ ಹೆಚ್ಚಿನ ಸದ್ದು ಬರುತ್ತಿರುವುದು ಪಕ್ಕದ ಎರಡು ಪ್ರೆಸ್‌ಗಳಿಂದ. ಅವುಗಳ ಗಾರ್ಡ್ ಶೀಟ್‌ಗಳ ಬೆನ್ನಿಗೂ ಪೈಪ್‌ಗಳನ್ನು ಹಾಗೆಯೇ ಬಿಗಿಯಲಾಗಿದೆ. ಈ ಸಲ ಮೊದಲು ಕೈಯಿಟ್ಟು ನೋಡಿದ್ದೇನೆ. ಎಂಟು ಕ್ಲ್ಯಾಂಪ್‌ಗಳ ಖರೀದಿ ಕೋರಿಕೆ (ಇಂಡೆಂಟ್) ಎರಡನೇ ಮೇಜಿನ ಮೇಲಿದೆ.